ತಾಮ್ರದ ದ್ವೀಪದಲ್ಲಿ ಹಸಿರು ಗೆರೆ

ನಿಕೋಸಿಯಾ ನಗರದ ಹಳೆಯ ಪೇಟೆಯಲ್ಲಿ ಲೆಡ್ರಾ ಎಂಬ ಬೀದಿಯಿದೆ. ವಾಹನಗಳಿಗೆ ಪ್ರವೇಶವಿಲ್ಲ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಐಸ್‌ಕ್ರೀಂ ಅಂಗಡಿಗಳಿಂದ ತುಂಬಿದ ಮಾಮೂಲಿ ಪೇಟೆ ಬೀದಿ. ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತ ಹೋದರೆ ಬೀದಿಯ ನಡುವೆಯೇ ಒಂದು ಪೊಲೀಸ್ ಚೌಕಿ ಎದುರಾಗುತ್ತದೆ. ಅಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಮುಂದೆ ಕೆಲವು ಹೆಜ್ಜೆಗಳಷ್ಟೇ ದಾರಿ; ಎರಡೂ ಪಕ್ಕ ಬಾಗಿಲು ಮುಚ್ಚಿದ, ಬೀಳದಂತೆ ಆಸರೆ ಕೊಟ್ಟು ನಿಲ್ಲಿಸಿದ ಹಳೆಯ ಕಟ್ಟಡಗಳು. ಅದು ಮುಗಿದರೆ ಇನ್ನೊಂದು ಚೌಕಿ, ಇನ್ನೊಮ್ಮೆ ಪಾಸ್‌ಪೋರ್ಟ್. ಬೀದಿ ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ. ಆದರೆ ಅಂಗಡಿಗಳ ಫಲಕದ ಮೇಲೆ ಗ್ರೀಕ್ ಲಿಪಿಯ ಜಾಗದಲ್ಲಿ ತುರ್ಕಿ ಭಾಷೆ ಬಂದಿರುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಯೂರೋ ಬದಲು ಲಿರಾ, ಗಂಟೆಯ ನಾದದ ಬದಲು ಆಜಾನ್. ಕುಡಿಯುವ ಕಾಫಿ ಮಾತ್ರ ಅದೇ. ಸಣ್ಣ ಪಾತ್ರೆಯಲ್ಲಿ ಪುಡಿ ಸಮೇತ ಕುದಿಸಿ ಕೊಡುವ ಆ ದಪ್ಪ ಕಾಫಿಯನ್ನು ದಕ್ಷಿಣದಲ್ಲಿ ಸೈಪ್ರಸ್ ಕಾಫಿ ಅಥವಾ ಗ್ರೀಕ್ ಕಾಫಿ ಎನ್ನುತ್ತಾರೆ, ಉತ್ತರದಲ್ಲಿ ತುರ್ಕಿ ಕಾಫಿ ಎನ್ನುತ್ತಾರೆ.

ಯುರೋಪಿನಲ್ಲಿ ಬರ್ಲಿನ್ ಗೋಡೆ ಉರುಳಿದ್ದು 1989ರಲ್ಲಿ. ಸೈಪ್ರಸ್ಸಿನ ರಾಜಧಾನಿ ನಿಕೋಸಿಯಾ ಮಾತ್ರ 1963ರ ಕೊನೆಯಿಂದ ಇಂದಿನವರೆಗೂ ಒಡೆದೇ ಉಳಿದಿದೆ. ಇದನ್ನು ಕೂಡಿಸಲು ವಿಶ್ವಸಂಸ್ಥೆಯ ಒಬ್ಬೊಬ್ಬ ಮಹಾಕಾರ್ಯದರ್ಶಿಯೂ ಪ್ರಯತ್ನಿಸಿದ್ದಾರೆ. ಜಗತ್ತಿನ ಯಾವ ಸಣ್ಣ ದ್ವೀಪಕ್ಕೂ ಇಷ್ಟು ಕಾಲ, ಇಷ್ಟು ಮಂದಿ ದೊಡ್ಡ ರಾಜತಾಂತ್ರಿಕರು ದುಡಿದಿರಲಾರರು.

ದ್ವೀಪ ನಿಜಕ್ಕೂ ಸಣ್ಣದು. ವಿಸ್ತೀರ್ಣ 9,251 ಚದರ ಕಿಲೋಮೀಟರ್, ಎಂದರೆ ನಮ್ಮ ಕೊಡಗು ಜಿಲ್ಲೆಯ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿದೆ. ತುರ್ಕಿಯ ಕರಾವಳಿ ಇಲ್ಲಿಂದ 70 ಕಿಲೋಮೀಟರ್ ಆಸುಪಾಸು. ಗ್ರೀಸಿನ ಮುಖ್ಯ ಭೂಮಿ ಸುಮಾರು 800 ಕಿಲೋಮೀಟರ್. ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಈ ದ್ವೀಪದ ಪರಿಚಯ ಗೊತ್ತಿಲ್ಲದೆಯೇ ಆಗಿರುತ್ತದೆ. ತಾಮ್ರದ ಸಂಕೇತ ಸಿ.ಯು. ಬಂದದ್ದು ಕುಪ್ರಮ್ ಎಂಬ ಲ್ಯಾಟಿನ್ ಪದದಿಂದ; ಆ ಪದ ಹುಟ್ಟಿದ್ದು ಸೈಪ್ರಸ್ ಎಂಬ ಹೆಸರಿನಿಂದ. ರೋಮನ್ನರಿಗೆ ತಾಮ್ರ ಎಂದರೆ ಸೈಪ್ರಸ್ಸಿನ ಲೋಹ. ಟ್ರೂಡೋಸ್ ಬೆಟ್ಟಗಳ ಬುಡದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಗಣಿಗಾರಿಕೆ ನಡೆಯುತ್ತಿತ್ತು. ಸ್ಕೂರಿಯೋಟಿಸಾ ಎಂಬಲ್ಲಿನ ಬಹು ಹಳೆಯ ಗಣಿ ಇಂದಿನ ಗಡಿಗೆರೆಗೆ ಅಂಟಿಕೊಂಡಂತೆಯೇ ಇದೆ.

ನಿಕೋಸಿಯಾದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬರಿಯ ಬಂಡೆಯ ಉದ್ದನೆಯ ಬೆಟ್ಟಸಾಲು ಕಾಣುತ್ತದೆ. ಅದರ ಒಂದು ಶಿಖರ ಮುಷ್ಟಿಯ ಗೆಣ್ಣುಗಳಂತಿದೆ. ಗ್ರೀಕರು ಅದಕ್ಕೆ ಪೆಂಟಾಡಕ್ಟಿಲೋಸ್ ಎನ್ನುತ್ತಾರೆ, ತುರ್ಕರು ಬೆಶ್‌ಪರ್ಮಕ್ ಎನ್ನುತ್ತಾರೆ. ಎರಡರ ಅರ್ಥವೂ ಒಂದೇ, ಐದು ಬೆರಳು. ಆ ಬೆಟ್ಟಸಾಲಿನ ಇಳಿಜಾರಿನಲ್ಲಿ ಉತ್ತರದವರು ತಮ್ಮ ಬಾವುಟವನ್ನು ದಕ್ಷಿಣದವರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಬರೆದಿದ್ದಾರೆ. ದಕ್ಷಿಣದಲ್ಲಿ ಮನೆ ಕಳೆದುಕೊಂಡು ಬಂದ ಹಿರಿಯರು ದಿನಬೆಳಗಾದರೆ ಅದನ್ನೇ ನೋಡಬೇಕು.

ಒಂದು ಪೆನ್ಸಿಲ್ಲಿನ ಕಥೆ

ದ್ವೀಪವನ್ನು 1571ರಲ್ಲಿ ಒಟ್ಟೋಮನ್ ತುರ್ಕರು ವೆನಿಸ್‌ನವರಿಂದ ಗೆದ್ದುಕೊಂಡರು. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು. ಮೂರು ಶತಮಾನ ಒಂದೇ ಹಳ್ಳಿಗಳಲ್ಲಿ ಬದುಕಿದ ಗ್ರೀಕ್ ಕ್ರೈಸ್ತರೂ ತುರ್ಕಿ ಮುಸ್ಲಿಮರೂ ಬ್ರಿಟಿಷರು ಹೊರಡುವ ಹೊತ್ತಿಗೆ ಎರಡು ಬೇರೆ ಕನಸು ಕಾಣುತ್ತಿದ್ದರು. ಗ್ರೀಕರಿಗೆ ಇಡೀ ದ್ವೀಪ ಗ್ರೀಸಿನೊಂದಿಗೆ ಸೇರಬೇಕು. ತುರ್ಕರಿಗೆ ದ್ವೀಪ ಇಬ್ಭಾಗವಾಗಬೇಕು. ಸ್ವತಂತ್ರ ಸೈಪ್ರಸ್ ಎಂಬುದು ಇಬ್ಬರಿಗೂ ಬೇಡವಾಗಿದ್ದ ಮೂರನೆಯ ದಾರಿ. 1959ರಲ್ಲಿ ಜ್ಯೂರಿಕ್ ಮತ್ತು ಲಂಡನ್ನಿನಲ್ಲಿ ಬ್ರಿಟನ್, ಗ್ರೀಸ್, ತುರ್ಕಿ ಕೂತು ಆ ಮೂರನೆಯದನ್ನೇ ಕೊಟ್ಟವು. 1960ರ ಆಗಸ್ಟ್ 16ರಂದು ಗಣರಾಜ್ಯ ಹುಟ್ಟಿತು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷರಾದರು, ಡಾ. ಫಾಝಿಲ್ ಕುಚುಕ್ ಉಪಾಧ್ಯಕ್ಷರಾದರು.

ಆ ಸಂವಿಧಾನವನ್ನು ಓದಿದರೆ ಗಣಿತದ ಪುಸ್ತಕ ಓದಿದಂತಾಗುತ್ತದೆ. ಜನಸಂಖ್ಯೆಯಲ್ಲಿ ಗ್ರೀಕರು ನೂರಕ್ಕೆ ಸುಮಾರು 78, ತುರ್ಕರು 18. ಮಂತ್ರಿಗಳಲ್ಲಿ ಏಳಕ್ಕೆ ಮೂರು, ಸರ್ಕಾರಿ ನೌಕರಿಯಲ್ಲಿ 70ಕ್ಕೆ 30, ಸೈನ್ಯದಲ್ಲಿ 60ಕ್ಕೆ 40. ಐದು ಮುಖ್ಯ ಪಟ್ಟಣಗಳಲ್ಲಿ ಎರಡೆರಡು ಪುರಸಭೆ, ಒಂದು ಗ್ರೀಕರದು, ಒಂದು ತುರ್ಕರದು. ಮುಖ್ಯ ವಿಷಯಗಳಲ್ಲಿ ಇಬ್ಬರಿಗೂ ತಡೆಯುವ ಅಧಿಕಾರ. ಅನುಪಾತಗಳೆಲ್ಲ ಇದ್ದವು, ಅವನ್ನು ನಡೆಸಿಕೊಂಡು ಹೋಗುವ ವಿಶ್ವಾಸ ಮಾತ್ರ ಇರಲಿಲ್ಲ. ಇದರ ಮೇಲೆ ಒಂದು ಖಾತರಿ ಒಪ್ಪಂದ: ಈ ವ್ಯವಸ್ಥೆ ಕೆಟ್ಟರೆ ಬ್ರಿಟನ್, ಗ್ರೀಸ್, ತುರ್ಕಿ ಕೂಡಿಯಾದರೂ, ಇಲ್ಲವೇ ತಾವೊಬ್ಬರೇ ಆದರೂ, ಅದನ್ನು ಮತ್ತೆ ಸ್ಥಾಪಿಸುವ ಸಲುವಾಗಿ ಕ್ರಮ ಕೈಗೊಳ್ಳಬಹುದು. ಮನೆ ಮಾಡಿಕೊಟ್ಟು ಬೀಗದಕೈ ಮೂರು ನೆರೆಯವರ ಬಳಿ ಉಳಿದಂತಾಯಿತು. ಬ್ರಿಟನ್ ತನಗಾಗಿ ಅಕ್ರೊತಿರಿ ಮತ್ತು ಧೆಕೆಲಿಯಾ ಎಂಬ ಎರಡು ಸೈನಿಕ ನೆಲೆಗಳನ್ನು ಇಟ್ಟುಕೊಂಡಿತು. ಅವು ಇಂದಿಗೂ ಬ್ರಿಟನ್ನಿನ ಸ್ವಂತ ನೆಲ.

ಮೂರೇ ವರ್ಷದಲ್ಲಿ ಜಗಳ ಎದ್ದಿತು. ತೆರಿಗೆಯ ಮೇಲೆ, ಸೈನ್ಯದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಎರಡೆರಡು ಪುರಸಭೆಗಳ ಮೇಲೆ. 1963ರ ನವೆಂಬರಿನಲ್ಲಿ ಮಕಾರಿಯೋಸ್ ಹದಿಮೂರು ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರಿನಲ್ಲಿ ನಿಕೋಸಿಯಾದ ಬೀದಿಗಳಲ್ಲಿ ಗುಂಡು ಹಾರಿತು. ಡಿಸೆಂಬರ್ 30ರಂದು ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದರು, ಈಚೆಯವರು ಈಚೆ, ಆಚೆಯವರು ಆಚೆ ಎಂದು. ಹಸಿರು ಗೆರೆ ಎಂಬ ಹೆಸರು ಆ ಪೆನ್ಸಿಲ್ಲಿನಿಂದಲೇ ಬಂದದ್ದು. ಕೈಗೆ ಕೆಂಪು ಪೆನ್ಸಿಲ್ ಸಿಕ್ಕಿದ್ದರೆ ಕೆಂಪು ಗೆರೆ ಎನ್ನುತ್ತಿದ್ದರು. ನಕ್ಷೆಯ ಅಳತೆಪ್ರಮಾಣ ಕಲಿತ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 1:25,000 ಪ್ರಮಾಣದ ನಕ್ಷೆಯಲ್ಲಿ 2 ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 50 ಮೀಟರ್ ಅಗಲವಾಗುತ್ತದೆ. ಮೊಂಡಾದ ಪೆನ್ಸಿಲ್ಲಿನ ಗೆರೆಯೊಳಗೆ ಎಷ್ಟು ಮನೆ, ಎಷ್ಟು ಅಂಗಡಿ ಬೀಳಬಹುದು!

ಗೆರೆ ತಾತ್ಕಾಲಿಕ ಎಂದುಕೊಂಡಿದ್ದರು. 1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 186ನೆಯ ನಿರ್ಣಯದ ಮೂಲಕ ಶಾಂತಿಪಡೆಯನ್ನು ಕಳುಹಿಸಿತು. ಮೊದಲು ಕೊಟ್ಟ ಅವಧಿ ಮೂರು ತಿಂಗಳು. ಆ ಪಡೆ ಅರವತ್ತು ವರ್ಷ ದಾಟಿ ಇನ್ನೂ ಅಲ್ಲೇ ಇದೆ.

ಈ ಪಡೆಯ ಆರಂಭದ ಚರಿತ್ರೆಯಲ್ಲಿ ಭಾರತದ ಹೆಸರಿದೆ. ಮೊದಲ ದಂಡನಾಯಕ ಲೆಫ್ಟಿನೆಂಟ್ ಜನರಲ್ ಪ್ರೇಮ್ ಸಿಂಗ್ ಗ್ಯಾನಿ. ಕೆಲವೇ ತಿಂಗಳಲ್ಲಿ ಅವರ ಜಾಗಕ್ಕೆ ಬಂದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದ ಅವರಿಗೆ ಕೊರಿಯಾದಲ್ಲಿ ಯುದ್ಧಕೈದಿಗಳ ವಿವಾದವನ್ನು ನಿಭಾಯಿಸಿದ ಅನುಭವವಿತ್ತು. ಅವರು ಬಂದ ಸ್ವಲ್ಪ ದಿನಕ್ಕೇ, 1964ರ ಆಗಸ್ಟಿನಲ್ಲಿ, ವಾಯವ್ಯ ಕರಾವಳಿಯ ಕೊಕ್ಕಿನಾ ಸುತ್ತ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಶಾಂತಿಪಡೆಯ ಕೆಲಸ ಯುದ್ಧಕ್ಕಿಂತ ಕಷ್ಟದ್ದು. ಬಂದೂಕು ಇರುತ್ತದೆ, ಹಾರಿಸುವಂತಿಲ್ಲ. ಇಬ್ಬರ ಮಾತನ್ನೂ ಕೇಳಬೇಕು, ಇಬ್ಬರಿಂದಲೂ ಬೈಸಿಕೊಳ್ಳಬೇಕು. ಆ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಹೃದಯಾಘಾತದಿಂದ ಸೈಪ್ರಸ್ಸಿನಲ್ಲಿ ತೀರಿಕೊಂಡರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆಯಿದೆ. ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕೊಡಗಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳು ಅಬ್ಬಿ ಜಲಪಾತದ ಜೊತೆಗೆ ಅದನ್ನೂ ನೋಡಿ ಬರಬೇಕು.

ನಿಜವಾದ ಸೀಳು ಬಿದ್ದದ್ದು 1974ರಲ್ಲಿ. ಜುಲೈ 15ರಂದು ಗ್ರೀಸಿನ ಸೇನಾಡಳಿತದ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನಕ್ಕೆ ತುರ್ಕಿಯ ಸೈನ್ಯ ಉತ್ತರ ತೀರದಲ್ಲಿ ಇಳಿಯಿತು. ತುರ್ಕಿ ತೋರಿಸಿದ ಆಧಾರ ಅದೇ ಖಾತರಿ ಒಪ್ಪಂದ. ಕ್ರಾಂತಿಯ ಸರ್ಕಾರ ಬೇಗ ಬಿದ್ದುಹೋಯಿತು, ಗ್ರೀಸಿನ ಸೇನಾಡಳಿತವೂ ಕುಸಿಯಿತು. ಆದರೂ ಆಗಸ್ಟಿನಲ್ಲಿ ತುರ್ಕಿ ಎರಡನೆಯ ಸಲ ಮುನ್ನುಗ್ಗಿ ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲವನ್ನು ಹಿಡಿಯಿತು. ಒಂದೂವರೆ ಲಕ್ಷಕ್ಕೂ ಮೀರಿದ ಗ್ರೀಕರು ಉಟ್ಟ ಬಟ್ಟೆಯಲ್ಲಿ ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕರು ದಕ್ಷಿಣದ ಮನೆಗಳನ್ನು ಬಿಟ್ಟು ಉತ್ತರಕ್ಕೆ ಹೋದರು. ಅದಕ್ಕೂ ಮೊದಲು ಹತ್ತು ವರ್ಷ ತುರ್ಕರು ಕಿರಿದಾದ ಆವರಣಗಳಲ್ಲಿ ಕೂಡಿಬಿದ್ದು ಬದುಕಿದ್ದರು ಎಂಬುದನ್ನೂ ಮರೆಯಬಾರದು. ಗ್ರೀಕರ ಕಥೆ 1974ರಿಂದ ಆರಂಭವಾಗುತ್ತದೆ, ತುರ್ಕರ ಕಥೆ 1963ರಿಂದ. ಮಾತುಕತೆಯ ಮೇಜಿಗೆ ಇಬ್ಬರೂ ಎರಡು ಬೇರೆ ತಾರೀಖುಗಳನ್ನು ಹಿಡಿದುಕೊಂಡೇ ಬರುತ್ತಾರೆ. ಉತ್ತರ ಭಾಗ 1983ರಲ್ಲಿ ತಾನು ಸ್ವತಂತ್ರ ಗಣರಾಜ್ಯವೆಂದು ಸಾರಿಕೊಂಡಿತು. ತುರ್ಕಿ ಒಂದನ್ನು ಬಿಟ್ಟು ಬೇರಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ.

ಇಂದು ಆ ಗೆರೆ 180 ಕಿಲೋಮೀಟರ್ ಉದ್ದದ ಪಟ್ಟಿ. ಎಲ್ಲಿಯೋ ಏಳು ಕಿಲೋಮೀಟರಿಗೂ ಅಗಲ, ಹಳೆಯ ನಿಕೋಸಿಯಾದಲ್ಲಿ ಮೂರೂಕಾಲು ಮೀಟರ್. ಎದುರುಬದುರು ಮನೆಗಳ ಮಹಡಿಯಲ್ಲಿ ನಿಂತ ಇಬ್ಬರು ಬಟ್ಟೆ ಒಣಹಾಕುವ ಕೋಲನ್ನು ಕೈಬದಲು ಮಾಡಿಕೊಳ್ಳುವಷ್ಟು ಹತ್ತಿರ. 1567ರಲ್ಲಿ ವೆನಿಸ್‌ನವರು ನಗರದ ಸುತ್ತ ಹನ್ನೊಂದು ಕೊತ್ತಳಗಳಿರುವ ದುಂಡು ಕೋಟೆ ಕಟ್ಟಿದ್ದರು. ಆಕಾಶದಿಂದ ನೋಡಿದರೆ ಹನ್ನೊಂದು ಮೊನೆಯ ನಕ್ಷತ್ರ. ಆ ಹನ್ನೊಂದರಲ್ಲಿ ಐದು ಈಗ ಉತ್ತರಕ್ಕೆ, ಐದು ದಕ್ಷಿಣಕ್ಕೆ. ಉಳಿದ ಒಂದು, ಫ್ಲಾತ್ರೋ ಎಂಬುದು, ಯಾರಿಗೂ ಸೇರದೆ ಗೆರೆಯೊಳಗೆ ನಿಂತಿದೆ.

ಮೇಜಿನ ಸುತ್ತ ಅರ್ಧ ಶತಮಾನ

ವಿಶ್ವಸಂಸ್ಥೆ ಕಳುಹಿಸಿದ ಮೊದಲ ಮಧ್ಯಸ್ಥ ಫಿನ್‌ಲೆಂಡಿನ ಸಕಾರಿ ಟುವೊಮಿಯೊಯಾ 1964ರಲ್ಲೇ ಕೆಲಸದ ನಡುವೆ ಕಾಯಿಲೆ ಬಿದ್ದು ತೀರಿಕೊಂಡರು. ಎರಡನೆಯವರು ಈಕ್ವೆಡಾರ್ ದೇಶದ ಮಾಜಿ ಅಧ್ಯಕ್ಷ ಗಾಲೊ ಪ್ಲಾಸಾ. ಅವರ 1965ರ ವರದಿಯನ್ನು ತುರ್ಕಿ ತಿರಸ್ಕರಿಸಿತು. 1968ರಲ್ಲಿ ದ್ವೀಪದವರೇ ಮಾತಿಗೆ ಕೂತರು. ಗ್ರೀಕರ ಕಡೆಯಿಂದ ಗ್ಲಾಫ್ಕೋಸ್ ಕ್ಲೆರಿಡಿಸ್, ತುರ್ಕರ ಕಡೆಯಿಂದ ರೌಫ್ ಡೆಂಕ್ಟಾಶ್. ಇಬ್ಬರೂ ವಕೀಲರು, ಹಳೆಯ ಪರಿಚಯದವರು. 34 ವರ್ಷಗಳ ಮೇಲೆ, 2002ರಲ್ಲಿ, ತಲೆ ನರೆತು ಮತ್ತೆ ಮುಖಾಮುಖಿಯಾಗಿ ಕೂತವರೂ ಅದೇ ಇಬ್ಬರು! ನಡುವೆ 1977ರಲ್ಲಿ ಮಕಾರಿಯೋಸ್ ಮತ್ತು ಡೆಂಕ್ಟಾಶ್ ಒಂದು ಮಾತಿಗೆ ಒಪ್ಪಿದ್ದರು: ಎರಡು ಸಮುದಾಯಗಳ ಒಂದು ಒಕ್ಕೂಟ ರಾಜ್ಯ. ಅಲ್ಲಿಂದಾಚೆಗಿನ ಯೋಜನೆಗಳೆಲ್ಲ ಆ ಬೀಜದಿಂದ ಬಂದವೇ.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆ. 2002ರಲ್ಲಿ ಮಂಡಿಸಿದ್ದನ್ನು ತಿದ್ದಿ ತಿದ್ದಿ, ಸ್ವಿಟ್ಜರ್‌ಲೆಂಡಿನ ಬ್ಯೂರ್ಗೆನ್‌ಸ್ಟಾಕಿನಲ್ಲಿ ಐದನೆಯ ರೂಪ ಕೊಟ್ಟರು. ಕಾನೂನುಗಳ ಅನುಬಂಧ ಸೇರಿ ಸಾವಿರಾರು ಪುಟಗಳು. 2004ರ ಏಪ್ರಿಲ್ 24ರಂದು ಎರಡೂ ಕಡೆ ಒಂದೇ ದಿನ ಜನಮತ ಕೇಳಿದರು. ತುರ್ಕರಲ್ಲಿ ನೂರಕ್ಕೆ 65ರಷ್ಟು ಮಂದಿ, ತಮ್ಮ ನಾಯಕ ಡೆಂಕ್ಟಾಶ್ ಬೇಡವೆಂದರೂ, ಹೌದು ಎಂದರು. ಗ್ರೀಕರಲ್ಲಿ 76ರಷ್ಟು ಮಂದಿ ಇಲ್ಲ ಎಂದರು. ಅವರ ಅಧ್ಯಕ್ಷ ಟಾಸೋಸ್ ಪಾಪಡೋಪುಲೋಸ್ ಬೇಡವೆಂದು ಟೆಲಿವಿಷನ್‌ನಲ್ಲೇ ಕೇಳಿಕೊಂಡಿದ್ದರು. ತುರ್ಕಿಯ ಸೈನಿಕರಲ್ಲಿ ಒಂದಿಷ್ಟು ಮಂದಿ ಉಳಿಯುತ್ತಾರೆ, ಖಾತರಿ ಒಪ್ಪಂದವೂ ಉಳಿಯುತ್ತದೆ, ಎಲ್ಲರಿಗೂ ಹಳೆಯ ಮನೆ ಸಿಗುವುದಿಲ್ಲ ಎಂಬುದು ಗ್ರೀಕರ ಅಂಜಿಕೆ. ಆದರೆ ಲೆಕ್ಕ ಇನ್ನೊಂದೂ ಇತ್ತು. ಜನಮತ ಏನೇ ಬರಲಿ, ಒಂದು ವಾರ ಕಳೆದು ಮೇ 1ರಂದು ಸೈಪ್ರಸ್ ಗಣರಾಜ್ಯ ಯುರೋಪಿನ ಒಕ್ಕೂಟಕ್ಕೆ ಸೇರುವುದು ಮೊದಲೇ ನಿಶ್ಚಯವಾಗಿತ್ತು. ಪರೀಕ್ಷೆಗೆ ಮೊದಲೇ ಪಾಸು ಎಂದು ಹೇಳಿಬಿಟ್ಟರೆ ಓದುವವರು ಯಾರು? ಆ ಏಳು ದಿನಗಳ ಅಂತರವನ್ನು ರಾಜತಾಂತ್ರಿಕರು ಮಾಡಿದ ದೊಡ್ಡ ತಪ್ಪುಗಳಲ್ಲಿ ಎಣಿಸಬೇಕು.

ಇನ್ನೊಂದು ಅವಕಾಶ 2015ರಲ್ಲಿ ಬಂತು. ಗ್ರೀಕರ ನಾಯಕ ನಿಕೋಸ್ ಅನಸ್ತಾಸಿಯಾಡಿಸ್, ತುರ್ಕರ ನಾಯಕ ಮುಸ್ತಫಾ ಅಕಿಂಜಿ ಇಬ್ಬರೂ ದಕ್ಷಿಣದ ಲಿಮಸೋಲ್ ಸೀಮೆಯವರು. ಆ ಮೇ ತಿಂಗಳಲ್ಲಿ ಇಬ್ಬರೂ ಜೊತೆಯಾಗಿ ಲೆಡ್ರಾ ಬೀದಿಯಲ್ಲಿ ನಡೆದು, ಎರಡೂ ಕಡೆ ಕಾಫಿ ಕುಡಿದರು. ಜನ ಮನೆಗಳಿಂದ ಹೊರಬಂದು ಚಪ್ಪಾಳೆ ತಟ್ಟಿದರು. 2017ರ ಜೂನ್ 28ರಂದು ಸ್ವಿಟ್ಜರ್‌ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ಕೊನೆಯ ಸುತ್ತು ಆರಂಭವಾಯಿತು. ನೆಲದ ಹಂಚಿಕೆ, ಆಸ್ತಿ, ಅಧಿಕಾರ, ಎಲ್ಲದರಲ್ಲೂ ಎರಡು ಕಡೆಯವರು ಹಿಂದೆಂದಿಗಿಂತ ಹತ್ತಿರ ಬಂದಿದ್ದರು. ಸಿಕ್ಕಿಬಿದ್ದದ್ದು 1960ರ ಬೀಗದಕೈಯಲ್ಲಿ: ತುರ್ಕಿಗೆ ಮಧ್ಯೆ ಪ್ರವೇಶಿಸುವ ಹಕ್ಕು ಇರಬೇಕೇ, ಸೈನ್ಯ ಯಾವಾಗ ಹೋಗಬೇಕು? ಜುಲೈ 7ರ ನಸುಕಿನಲ್ಲಿ, ರಾತ್ರಿಯೂಟದ ಮೇಜಿನಿಂದೆದ್ದು ಬಂದ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಮಾತುಕತೆ ಮುರಿದುಬಿತ್ತೆಂದು ಹೇಳಿದರು. ತಪ್ಪು ಯಾರದೆಂಬ ವಾದ ದ್ವೀಪದಲ್ಲಿ ಇನ್ನೂ ಮುಗಿದಿಲ್ಲ.

ಗೆರೆಯ ಕೆಳಗೆ

ಈ ಅಕಿಂಜಿಯವರ ಹೆಸರು ನಿಕೋಸಿಯಾದ ಜನರಿಗೆ ಗೊತ್ತಾದದ್ದು ಕ್ರಾನ್ಸ್ ಮೊಂಟಾನಾದಿಂದಲ್ಲ, ಚರಂಡಿಯಿಂದ. ಅದು ಯಾವ ಶೃಂಗಸಭೆಯ ಇತಿಹಾಸಕ್ಕಿಂತಲೂ ಹೆಚ್ಚು ಗಮನಕ್ಕೆ ಯೋಗ್ಯವಾದ ಕಥೆ.

ಯುದ್ಧಕ್ಕೆ ಮುಂಚೆಯೇ ನಿಕೋಸಿಯಾಕ್ಕೆ ಹೊಸ ಒಳಚರಂಡಿ ವ್ಯವಸ್ಥೆ ಹಾಕುವ ಕೆಲಸ ಶುರುವಾಗಿತ್ತು. ನೆಲದ ಇಳಿಜಾರು ಈಶಾನ್ಯಕ್ಕೆ. ಪೆಡಿಯೋಸ್ ಎಂಬ ಸಣ್ಣ ನದಿ (ಮಳೆಗಾಲ ಬಿಟ್ಟರೆ ಬಹುಪಾಲು ಒಣಗಿರುವ ಹೊಳೆ) ದಕ್ಷಿಣದ ಟ್ರೂಡೋಸ್ ಬೆಟ್ಟದಲ್ಲಿ ಹುಟ್ಟಿ, ನಗರದ ಮೂಲಕ ಹಾದು ಪೂರ್ವದ ಸಮುದ್ರದ ಕಡೆಗೆ ತಿರುಗುತ್ತದೆ. ಗುರುತ್ವಾಕರ್ಷಣೆಯನ್ನು ನಂಬಿ ಕೆಲಸ ಮಾಡುವ ಎಂಜಿನಿಯರುಗಳು ಕೊಳಚೆನೀರು ಶುದ್ಧೀಕರಣ ಘಟಕವನ್ನು ಈಶಾನ್ಯದ ಮಿಯಾ ಮಿಲಿಯಾ ಎಂಬ ಹಳ್ಳಿಯ ಬಳಿ ಗೊತ್ತುಮಾಡಿದ್ದರು. 1974ರ ಯುದ್ಧದಲ್ಲಿ ಆ ಹಳ್ಳಿ ಉತ್ತರಕ್ಕೆ ಸೇರಿತು. ಈಗ ಕೊಳವೆಗಳ ಬಹುಪಾಲು ಗ್ರೀಕರ ಕಡೆ, ಘಟಕದ ಜಾಗ ತುರ್ಕರ ಕಡೆ. ಒಂದು ಭಾಗ ಇನ್ನೊಂದಿಲ್ಲದೆ ನಿರುಪಯೋಗಿ. ಎರಡೂ ಕಡೆಯ ಮನೆಗಳ ಕೆಳಗೆ ಹೊಲಸು ತುಂಬಿಕೊಳ್ಳುತ್ತಿತ್ತು.

ಆಗ ದಕ್ಷಿಣ ನಿಕೋಸಿಯಾದ ಮೇಯರ್ ಲೆಲ್ಲೋಸ್ ಡೆಮೆಟ್ರಿಯಾಡಿಸ್, ವಕೀಲರು. ಉತ್ತರದಲ್ಲಿ 1976ರಲ್ಲಿ ಆಯ್ಕೆಯಾಗಿದ್ದವರು ಅಕಿಂಜಿ, ವಾಸ್ತುಶಿಲ್ಪಿ, ಇನ್ನೂ ಮೂವತ್ತು ತುಂಬಿರದ ಯುವಕ. ಗ್ರೀಕರ ಸರ್ಕಾರ ಉತ್ತರದ ಪುರಸಭೆಯನ್ನು ಮಾನ್ಯ ಮಾಡುವಂತಿರಲಿಲ್ಲ. ಹಾಗಾಗಿ ಇವರು ಅವರನ್ನು ಮೇಯರ್ ಎಂದು ಕಾಗದದ ಮೇಲೆ ಕರೆಯುವಂತೆಯೇ ಇರಲಿಲ್ಲ. ಆದರೂ ವಿಶ್ವಸಂಸ್ಥೆಯ ಆಸರೆಯಲ್ಲಿ ಇಬ್ಬರೂ ಭೇಟಿಯಾಗಿ 1978ರಲ್ಲಿ ಒಪ್ಪಂದಕ್ಕೆ ಬಂದರು. 1980ರಲ್ಲಿ ಎರಡು ಕಡೆಯ ಕೊಳಚೆಯೂ ಗೆರೆಯ ಅಡಿಯಿಂದ ಹರಿದು ಒಂದೇ ಘಟಕ ಸೇರತೊಡಗಿತು. ನೆಲದ ಮೇಲೆ ಒಬ್ಬ ಮನುಷ್ಯನೂ ದಾಟಲಾಗದಿದ್ದ ದಿನಗಳವು. ಯಾವ ಪುರಸಭೆಗಳ ಹೆಸರಿನಲ್ಲಿ 1963ರಲ್ಲಿ ಕಾದಾಡಿದ್ದರೋ ಅದೇ ಪುರಸಭೆಗಳು ಇಲ್ಲಿ ಕೂಡಿ ಕೆಲಸ ಮಾಡಿದವು. ಇಬ್ಬರೂ ಅಷ್ಟಕ್ಕೇ ನಿಲ್ಲಲಿಲ್ಲ. ಇಡೀ ನಗರಕ್ಕೆ ಒಂದೇ ಬೃಹತ್ ಯೋಜನೆ ತಯಾರಾಯಿತು: ರಸ್ತೆಗಳನ್ನು ಇಂದು ಗೆರೆಯ ಬಳಿ ನಿಲ್ಲಿಸಿದರೂ ನಾಳೆ ಗೆರೆ ಹೋದರೆ ಕೂಡಿಸಲು ಬರುವಂತಿರಬೇಕು ಎಂದು. ಆ ಯೋಜನೆಯಡಿ ಕೋಟೆಯೊಳಗಿನ ಹಳೆಯ ಕೇರಿಗಳನ್ನು ಎರಡೂ ಕಡೆ ದುರಸ್ತಿ ಮಾಡಿದ್ದಕ್ಕೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಇಂಥದೇ ಇನ್ನೂ ಕೆಲವಿವೆ. 1974ರ ನಂತರವೂ ಸುಮಾರು ಎರಡು ದಶಕ ಉತ್ತರದ ಮನೆಗಳಿಗೆ ದಕ್ಷಿಣದ ವಿದ್ಯುತ್ತೇ ಹೋಗುತ್ತಿತ್ತು. 2011ರ ಜುಲೈ 11ರಂದು ದಕ್ಷಿಣದ ನೌಕಾನೆಲೆಯೊಂದರಲ್ಲಿ ಸಂಗ್ರಹಿಸಿಟ್ಟಿದ್ದ ಮದ್ದುಗುಂಡು ಸಿಡಿದು 13 ಮಂದಿ ಸತ್ತು, ಪಕ್ಕದ ದೊಡ್ಡ ವಿದ್ಯುತ್ ಸ್ಥಾವರ ಹಾಳಾಯಿತು. ಆಗ ಉತ್ತರದವರು ದಕ್ಷಿಣಕ್ಕೆ ವಿದ್ಯುತ್ ಮಾರಿದರು. ಎರಡು ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲವಾದ್ದರಿಂದ ವರ್ತಕರ ಸಂಘದ ಹೆಸರಿನಲ್ಲಿ ವ್ಯವಹಾರ ನಡೆಯಿತು. ಒಂದು ಕಡೆಯ ಮೊಬೈಲ್ ಇನ್ನೊಂದು ಕಡೆ ಕೆಲಸ ಮಾಡಲು ಮಾತ್ರ 2019ರವರೆಗೆ ಕಾಯಬೇಕಾಯಿತು. ಗಡಿಯಾರವೂ ಒಂದು ಚಳಿಗಾಲ ಒಡೆದಿತ್ತು. 2016ರಲ್ಲಿ ತುರ್ಕಿ ಚಳಿಗಾಲಕ್ಕೆ ಗಡಿಯಾರ ಹಿಂದಿಡುವುದನ್ನು ಕೈಬಿಟ್ಟಾಗ ಉತ್ತರವೂ ಅದನ್ನೇ ಅನುಸರಿಸಿತು. ಲೆಡ್ರಾ ಬೀದಿಯ ಆ ಕೆಲವು ಹೆಜ್ಜೆ ದಾಟಿದರೆ ಒಂದು ಗಂಟೆ ವ್ಯತ್ಯಾಸ. ಮರುವರ್ಷ ಸರಿಮಾಡಿಕೊಂಡರು.

ಜನ ದಾಟುವುದಕ್ಕೆ ದಾರಿ ತೆರೆದದ್ದು 2003ರ ಏಪ್ರಿಲ್ 23ರಂದು, ಲೆಡ್ರಾ ಪ್ಯಾಲೇಸ್ ಎಂಬ ಹಳೆಯ ಹೋಟೆಲಿನ ಬಳಿ. ಇದ್ದಕ್ಕಿದ್ದಂತೆ ಉತ್ತರದವರು ಬಾಗಿಲು ತೆರೆದರು. 29 ವರ್ಷ ಕಾದವರು ಸಾಲುಗಟ್ಟಿ ನಿಂತರು. ಹಳೆಯ ಮನೆಗಳನ್ನು ಹುಡುಕಿ ಹೋಗಿ ಬಾಗಿಲು ತಟ್ಟಿದರು. ಒಳಗಿದ್ದವರು ಹಲವು ಕಡೆ ಕೂರಿಸಿ ಕಾಫಿ ಕೊಟ್ಟರು, ಜೋಪಾನವಾಗಿ ಇಟ್ಟಿದ್ದ ಫೋಟೋಗಳನ್ನು ಮರಳಿಸಿದರು. ಲೆಡ್ರಾ ಬೀದಿಯ ದಾರಿ 2008ರ ಏಪ್ರಿಲ್ 3ರಂದು ತೆರೆಯಿತು. ಆ ಹೋಟೆಲಿನ ಎದುರಿಗೆ, ಗೆರೆಯೊಳಗೇ, 2011ರಿಂದ ಸಹಕಾರ ಭವನವೊಂದಿದೆ. ಎರಡೂ ಕಡೆಯ ಇತಿಹಾಸದ ಅಧ್ಯಾಪಕರು ಮತ್ತು ಸಂಶೋಧಕರು ಸೇರಿ ಮಾಡಿದ್ದು.

ನಗರದ ಪಶ್ಚಿಮಕ್ಕಿರುವ ಹಳೆಯ ವಿಮಾನ ನಿಲ್ದಾಣಕ್ಕೆ ಮಾತ್ರ ಪ್ರವಾಸಿಗಳನ್ನು ಬಿಡುವುದಿಲ್ಲ. 1968ರಲ್ಲಿ ತೆರೆದ ಅಂದದ ಕಟ್ಟಡ. ಕಿಟಕಿಗಳು ಒಡೆದಿವೆ, ಪಾರಿವಾಳಗಳು ಮನೆ ಮಾಡಿವೆ, ಬಯಲಿನಲ್ಲಿ ಟ್ರೈಡೆಂಟ್ ವಿಮಾನವೊಂದು 1974ರಿಂದ ನಿಂತಲ್ಲೇ ನಿಂತಿದೆ. ಯುದ್ಧದ ನಡುವೆ ಈ ನಿಲ್ದಾಣಕ್ಕಾಗಿ ಎರಡೂ ಸೈನ್ಯಗಳು ಮುನ್ನುಗ್ಗುತ್ತಿದ್ದಾಗ ಅದನ್ನು ವಿಶ್ವಸಂಸ್ಥೆಯ ರಕ್ಷಿತ ವಲಯವೆಂದು ಘೋಷಿಸಿ ಶಾಂತಿಪಡೆ ಹಿಡಿದು ನಿಂತಿತು. ಆಗಿನ ದಂಡನಾಯಕರೂ ಭಾರತೀಯರೇ, ದಿವಾನ್ ಪ್ರೇಮ್ ಚಂದ್.

ಆ ವಲಯದಲ್ಲೇ ಈಗ ಒಂದು ಪ್ರಯೋಗಾಲಯವಿದೆ. 1963ರಿಂದ 1974ರವರೆಗಿನ ಗಲಭೆ, ಯುದ್ಧಗಳಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿದ್ದವು: 1,510 ಗ್ರೀಕರು, 492 ತುರ್ಕರು. ಅವರನ್ನು ಹುಡುಕಲು ಎರಡೂ ಕಡೆಯವರನ್ನು ಸೇರಿಸಿ 1981ರಲ್ಲಿ ಸಮಿತಿಯೊಂದು ಆಯಿತು. ನೆಲ ಅಗೆಯಲು ಆರಂಭಿಸಿದ್ದು 2006ರಲ್ಲಿ. ಅಲ್ಲಿಯವರೆಗಿನ 25 ವರ್ಷ ಮಾತಿನಲ್ಲೇ ಹೋಯಿತು. ಈಗ ಗ್ರೀಕ್ ಮತ್ತು ತುರ್ಕಿ ಯುವ ವಿಜ್ಞಾನಿಗಳು ಒಂದೇ ತಂಡವಾಗಿ ಅಗೆಯುತ್ತಾರೆ. ಪಾಳುಬಾವಿ, ಹೊಲ, ತೋಟ, ಯಾರೋ ಹಳ್ಳಿಯ ಮುದುಕರು ಕೊನೆಗಾಲದಲ್ಲಿ ಬಾಯಿಬಿಟ್ಟು ತೋರಿಸಿದ ಜಾಗ. ಸಿಕ್ಕ ಮೂಳೆಗಳನ್ನು ಪ್ರಯೋಗಾಲಯದ ಉದ್ದನೆಯ ಮೇಜುಗಳ ಮೇಲೆ ಒಬ್ಬೊಬ್ಬ ಮನುಷ್ಯನ ಆಕಾರಕ್ಕೆ ಜೋಡಿಸುತ್ತಾರೆ. ವಯಸ್ಸು, ಎತ್ತರ, ಹಿಂದೆ ಮುರಿದು ಕೂಡಿಕೊಂಡ ಮೂಳೆ, ಎಲ್ಲವನ್ನೂ ಬರೆದಿಡುತ್ತಾರೆ. ಮೂಳೆಯ ಸಣ್ಣ ಚೂರಿನಿಂದ ಡಿ.ಎನ್.ಎ. ತೆಗೆದು, ಕಾಣೆಯಾದವರ ಮಕ್ಕಳು, ಒಡಹುಟ್ಟಿದವರು ಕೊಟ್ಟ ರಕ್ತದ ಮಾದರಿಯೊಡನೆ ಹೋಲಿಸುತ್ತಾರೆ. ಮೇಜಿನ ಮೇಲಿರುವ ಮೂಳೆ ಗ್ರೀಕರದೋ ತುರ್ಕರದೋ ಎಂದು ನೋಡಿ ಹೇಳಲು ಬರುವುದಿಲ್ಲ. ಗುರುತು ಸಿಕ್ಕಮೇಲೆ ಮನೆಯವರನ್ನು ಕರೆಸಿ ಒಪ್ಪಿಸುತ್ತಾರೆ, ಅಂತ್ಯಕ್ರಿಯೆ ಮಾಡಿಕೊಳ್ಳಲಿ ಎಂದು. ಕೊಂದವರು ಯಾರೆಂದು ಸಮಿತಿ ಹೇಳುವಂತಿಲ್ಲ, ಅದು ಒಪ್ಪಂದದ ಷರತ್ತು. ಇದು ಅನ್ಯಾಯವೆಂದು ಕೆಲವು ಕುಟುಂಬಗಳು ಸಂಕಟಪಡುತ್ತವೆ. ಆ ಷರತ್ತಿಲ್ಲದಿದ್ದರೆ ಬಾಯಿ ಬಿಡುವವರೇ ಸಿಗುತ್ತಿರಲಿಲ್ಲ ಎಂಬುದೂ ನಿಜ. ಈವರೆಗೆ ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿದೆ. ಒಂಬೈನೂರಕ್ಕೂ ಹೆಚ್ಚು ಮಂದಿ ಇನ್ನೂ ಸಿಕ್ಕಿಲ್ಲ. ಜಾಗ ಬಲ್ಲ ಸಾಕ್ಷಿಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಕಾಯುತ್ತಿರುವ ತಾಯಂದಿರೂ.

ಮೇಜಿನ ಮಾತುಕತೆ ಮತ್ತೆ ಚಿಗುರುವ ಹಾಗಿದೆ. 2020ರಿಂದ ಐದು ವರ್ಷ ಉತ್ತರದ ನಾಯಕರಾಗಿದ್ದ ಎರ್ಸಿನ್ ಟಾಟರ್ ಒಕ್ಕೂಟ ಬೇಡ, ಎರಡು ದೇಶಗಳೇ ಆಗಲಿ ಎನ್ನುತ್ತಿದ್ದರು. 2025ರ ಅಕ್ಟೋಬರ್ 19ರ ಚುನಾವಣೆಯಲ್ಲಿ ಅವರು ಸೋತು, ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮನ್ ದೊಡ್ಡ ಬಹುಮತದಿಂದ ಗೆದ್ದರು. ದಕ್ಷಿಣದಲ್ಲಿ 2023ರಿಂದ ನಿಕೋಸ್ ಕ್ರಿಸ್ಟೊಡುಲಿಡಿಸ್ ಅಧ್ಯಕ್ಷರು. ಖಾತರಿ, ಸೈನ್ಯ, ಆಸ್ತಿ, ಹಳೆಯ ಗಂಟುಗಳೆಲ್ಲ ಹಾಗೆಯೇ ಇವೆ.

ಸದ್ಯದ ಚೌಕಾಸಿ ಅಷ್ಟು ದೊಡ್ಡದರ ಮೇಲಲ್ಲ. 2018ರಲ್ಲಿ ಎರಡು ಹೊಸ ದಾರಿ ತೆರೆದ ಮೇಲೆ ಗೆರೆ ದಾಟಲು ಒಂಬತ್ತು ದಾರಿಗಳಾದವು. ಇನ್ನೂ ನಾಲ್ಕನ್ನು ತೆರೆಯೋಣವೆಂದು 2025ರ ಮಾರ್ಚಿನಲ್ಲಿ ಜಿನೀವಾದಲ್ಲಿ ಒಪ್ಪಿದರು. ಎಲ್ಲೆಲ್ಲಿ ಎಂಬುದರ ಮೇಲೆ ಜಗಳ ಬಿದ್ದು, ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದಾಗಲೂ ಬಗೆಹರಿಯಲಿಲ್ಲ. ಕೇಳಿಬಂದ ಹೆಸರುಗಳಲ್ಲಿ ಒಂದು ಮಿಯಾ ಮಿಲಿಯಾ. ಕೊಳಚೆನೀರು 1980ರಿಂದ ದಾಟುತ್ತಿರುವ ಅದೇ ಹಳ್ಳಿ.